ಲೆನಾರ್ಡ್ ಕೋಹೆನ್: ಆಲ್ಬಮ್‌ನಲ್ಲಿ ಕೇಳಿದ್ದು ಹೆಚ್ಚೋ, ವೇದಿಕೆ ಮೇಲೆ ಹಾಡಿದ್ದು ಹೆಚ್ಚೋ?

ನಡುರಾತ್ರಿ ರೇಡಿಯೊ

ಕೆನಡಾದ ಕವಿ, ಹಾಡುಗಾರ ಲೆನಾರ್ಡ್ ಕೋಹೆನ್ ಅಂದ ಕೂಡಲೇ ಎಲ್ಲರೂ 'ಹಲ್ಲೆಲೂಯಾ' ಹತ್ತಿರ ನಿಂತುಬಿಡುತ್ತಾರೆ. ಅದೂ ಜಾಸ್ತಿ ಜನ ಕೇಳಿರುವುದು ಅವರು ಹಾಡಿದ್ದಲ್ಲ, ಅಮೆರಿಕದ ಗಾಯಕ ಜೆಫ್ ಬಕ್ಲಿ ಹಾಡಿದ್ದು. ಅದು ಒಳ್ಳೆಯ ಹಾಡೇ, ಬೇಡ ಅನ್ನುತ್ತಿಲ್ಲ. ಆದರೆ ಅಲ್ಲಿಗೇ ನಿಂತರೆ ಮನುಷ್ಯ ಸಿಗುವುದಿಲ್ಲ.

ನನ್ನ ಮಾತು ಇಷ್ಟು. ಕೋಹೆನ್ ಹಾಡುಗಳು ಪೂರ್ತಿಯಾದದ್ದು ಸ್ಟುಡಿಯೋದಲ್ಲಲ್ಲ, ವೇದಿಕೆಯಲ್ಲಿ. ಅದರಲ್ಲೂ 2008ರಿಂದ 2013ರವರೆಗೆ, ಎಪ್ಪತ್ತು ದಾಟಿದ ಮೇಲೆ ಕೊಟ್ಟ ಕಾರ್ಯಕ್ರಮಗಳಲ್ಲಿ. ಅದಕ್ಕೂ ಮುಂಚೆ ಹದಿನೈದು ವರ್ಷ ಅವರು ಪ್ರವಾಸವನ್ನೇ ಮಾಡಿರಲಿಲ್ಲ. ನಂಬಿದವರೇ ಮುದಿಗಾಲಕ್ಕೆ ಕೂಡಿಟ್ಟ ದುಡ್ಡನ್ನು ಖಾಲಿ ಮಾಡಿದ್ದರು. ಹಾಗಾಗಿ ಮತ್ತೆ ಹೊರಡಬೇಕಾಯಿತು. 2008ರ ಮೇ 11ರಂದು ಕೆನಡಾದ ಫ್ರೆಡೆರಿಕ್ಟನ್ ಎಂಬ ಚಿಕ್ಕ ಊರಿನ ಚಿಕ್ಕ ರಂಗಮಂದಿರದಲ್ಲಿ ಶುರು ಮಾಡಿದರು. ಜುಲೈ 17ಕ್ಕೆ ಲಂಡನ್‌ನ ಓ2 ಅರೀನಾದಲ್ಲಿದ್ದರು. ಆ ರಾತ್ರಿಯದೇ 'ಲೈವ್ ಇನ್ ಲಂಡನ್', 2009ರಲ್ಲಿ ಹೊರಬಂತು.

ಅದರಲ್ಲಿ 'ಹೂ ಬೈ ಫೈರ್' ಒಂದನ್ನೇ ತೆಗೆದುಕೊಳ್ಳಿ. 1974ರ ಆಲ್ಬಮ್‌ನಲ್ಲಿ ಅದು ಎರಡೂವರೆ ನಿಮಿಷದ ಹಾಡು. ಬಂದದ್ದೇ ಗೊತ್ತಾಗುವುದಿಲ್ಲ, ಮುಗಿದಿರುತ್ತದೆ. ಲಂಡನ್‌ನಲ್ಲಿ ಆರು ನಿಮಿಷ ದಾಟುತ್ತದೆ. ಮೊದಲಿಗೆ ಸ್ಪೇನ್‌ನ ಹಾವಿಯರ್ ಮಾಸ್ ಒಬ್ಬರೇ ತಂತಿವಾದ್ಯ ಹಿಡಿದು, ನಮ್ಮಲ್ಲಿ ಆಲಾಪ ಮಾಡುವ ಹಾಗೆ, ನಿಧಾನಕ್ಕೆ ದಾರಿ ಮಾಡಿಕೊಂಡು ಬರುತ್ತಾರೆ. ಯಾವ ಹಾಡು ಅಂತ ಇನ್ನೂ ಗೊತ್ತಾಗಿರುವುದಿಲ್ಲ. ಆಮೇಲೆ ಆ ತಳದ ದನಿ ಬರುತ್ತದೆ. ಯಾರು ಬೆಂಕಿಯಿಂದ ಹೋಗುತ್ತಾರೆ, ಯಾರು ನೀರಿನಿಂದ ಅಂತ ಕೇಳುವ ಹಾಡು ಅದು. ಯಹೂದಿಗಳ ಯೋಮ್ ಕಿಪ್ಪುರ್ ಪ್ರಾರ್ಥನೆಯಿಂದ ಬಂದದ್ದು. ನಲವತ್ತರ ಗಂಡಸು ಕೇಳುವಾಗ ಅದು ಕವಿತೆ. ಎಪ್ಪತ್ತಮೂರರವನು ಕೇಳುವಾಗ ಅದು ನಿಜವಾದ ಪ್ರಶ್ನೆ.

ನಿಮಗೆಲ್ಲ ಏನನ್ನಿಸುತ್ತದೆ ಹೇಳಿ. ಒಪ್ಪದಿದ್ದರೂ ಸರಿ, ಕಾರಣ ಬರೆಯಿರಿ.

ಆರು ತಂತಿ

ರೇಡಿಯೊ ಅವರೇ, ನಾನು ಒಪ್ಪುವುದಿಲ್ಲ. ಕಾರಣವನ್ನೂ ಹೇಳುತ್ತೇನೆ.

ನಾನು ಗಿಟಾರ್ ನುಡಿಸುವವನು. ನನಗೆ ಕೋಹೆನ್ ಅಂದರೆ ಮೊದಲ ಮೂರು ಆಲ್ಬಮ್‌ಗಳು. 1967, 1969, 1971. ನೈಲಾನ್ ತಂತಿಯ ಗಿಟಾರ್, ಒಂದು ದನಿ, ಮುಗಿಯಿತು. ಜನ ಅವರನ್ನು ದೊಡ್ಡ ಕವಿ ಅನ್ನುತ್ತಾರೆ, ಗಿಟಾರ್ ಮಾತ್ರ ಸುಮಾರು ಅಂತ ತಳ್ಳಿಹಾಕುತ್ತಾರೆ. 'ದಿ ಸ್ಟ್ರೇಂಜರ್ ಸಾಂಗ್' ಅಥವಾ 'ಅವಲಾಂಚ್' ನುಡಿಸಲು ಕೂತವರಿಗೆ ಗೊತ್ತು ಅದು ಎಷ್ಟು ಕಷ್ಟ ಅಂತ. ಬಲಗೈ ಬೆರಳುಗಳು ಒಂದೇ ಸಮನೆ, ಒಂದು ಚೂರೂ ಏರುಪೇರಾಗದೆ ಓಡುತ್ತಿರಬೇಕು. ಮೇಲೆ ದನಿ ಮಾತ್ರ ಆರಾಮಾಗಿ ನಡೆಯುತ್ತಿರಬೇಕು. ಕೈಗೆ ಅವಸರ, ಬಾಯಿಗೆ ಇಲ್ಲ. ನನಗೆ ಇವತ್ತಿಗೂ ಎರಡನ್ನೂ ಒಟ್ಟಿಗೆ ಸಂಭಾಳಿಸುವುದು ಕಷ್ಟವೇ.

2008ರ ತಂಡದಲ್ಲಿ ಹ್ಯಾಮಂಡ್ ಆರ್ಗನ್ ಇದೆ, ಸ್ಯಾಕ್ಸೊಫೋನ್ ಇದೆ, ಮೂವರು ಗಾಯಕಿಯರಿದ್ದಾರೆ. ಎಲ್ಲ ನುಣುಪು. ಆ ಓಡುವ ಬೆರಳುಗಳು ಅಷ್ಟರ ನಡುವೆ ಹಿಂದಕ್ಕೆ ಸರಿದುಬಿಟ್ಟಿವೆ. ಆ ಒಂಟಿತನವೇ ಅಲ್ವಾ ಹಾಡಿನ ಜೀವ?

2011ರಲ್ಲಿ ಸ್ಪೇನ್‌ನಲ್ಲಿ ಪ್ರಿನ್ಸ್ ಆಫ್ ಆಸ್ಟೂರಿಯಸ್ ಪ್ರಶಸ್ತಿ ತೆಗೆದುಕೊಳ್ಳುವಾಗ ಅವರು ಮಾಡಿದ ಭಾಷಣ ಹುಡುಕಿ ಕೇಳಿ. ಹರೆಯದಲ್ಲಿ ಮಾಂಟ್ರಿಯಲ್‌ನಲ್ಲಿ ತಾಯಿಯ ಮನೆಯ ಹಿಂದಿನ ಪಾರ್ಕಿನಲ್ಲಿ ಒಬ್ಬ ಸ್ಪ್ಯಾನಿಷ್ ಹುಡುಗ ಗಿಟಾರ್ ಬಾರಿಸುತ್ತಿದ್ದನಂತೆ. ಕಲಿಸು ಅಂತ ಕೇಳಿದರಂತೆ. ಮೂರು ದಿನ ಬಂದು ಆರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಹೇಳಿಕೊಟ್ಟ. ನಾಲ್ಕನೇ ದಿನ ಬರಲಿಲ್ಲ. ಅವನಿದ್ದ ಕಡೆ ಫೋನ್ ಮಾಡಿದರೆ, ಜೀವ ಕಳೆದುಕೊಂಡಿದ್ದಾನೆ ಅಂತ ತಿಳಿಯಿತು. ಆ ಆರು ಕಾರ್ಡುಗಳೇ ನನ್ನ ಎಲ್ಲ ಹಾಡುಗಳ ಬುಡ ಅಂತ ಕೋಹೆನ್ ಹೇಳಿಕೊಂಡರು. ಅಷ್ಟು ಜನರ ಮುಂದೆ, ಪ್ರಶಸ್ತಿ ತಗೊಳ್ಳುವಾಗ. ನನಗೆ ಆ ಬುಡವೇ ಮುಖ್ಯ.

ಓ2 ಹಿಂದಿನ ಸಾಲು

ನಾನು 2013ರಲ್ಲಿ ಲಂಡನ್‌ನಲ್ಲಿ ಅವರನ್ನು ನೋಡಿದ್ದೇನೆ. ಆಗ ಅವರಿಗೆ 78. ತೀರಾ ಹಿಂದೆ, ಮೇಲೆ ಕೂತಿದ್ದೆ. ಮನುಷ್ಯ ಬೆರಳಿನಷ್ಟು ಕಾಣುತ್ತಿದ್ದರು.

ಓಡಿಕೊಂಡೇ ವೇದಿಕೆಗೆ ಬಂದರು. ನಡೆದಲ್ಲ, ಓಡಿ. ಸೂಟು, ಟೋಪಿ. ನೆಲಕ್ಕೆ ರತ್ನಗಂಬಳಿ ಹಾಸಿತ್ತು. ಮೊದಲನೇ ಹಾಡಿಗೇ ಮಂಡಿಯೂರಿದರು. ಹಾವಿಯರ್ ಮಾಸ್ ನುಡಿಸುವಾಗ ಅವರ ಎದುರು ಮಂಡಿ ಊರಿ, ಟೋಪಿ ತೆಗೆದು ಎದೆಗೆ ಹಿಡಿದುಕೊಂಡು, ಆ ಕೈಗಳನ್ನೇ ನೋಡುತ್ತಿದ್ದರು. ಯಾರೇ ಒಂಟಿಯಾಗಿ ನುಡಿಸಲಿ, ಹಾಗೇ. ಟೋಪಿ ಕೆಳಗೆ, ಕಣ್ಣು ಅವರ ಮೇಲೆ. ತಂಡದವರ ಪರಿಚಯವನ್ನು ಒಂದು ಸಲ ಮಾಡಿ ಸಾಲದೆ ಇನ್ನೊಂದು ಸಲ ಮಾಡಿದರು.

ನನಗೆ ಬೆರಗಾದದ್ದು ಸದ್ದು. ಅಷ್ಟು ದೊಡ್ಡ ಜಾಗ, ಇಪ್ಪತ್ತು ಸಾವಿರದ ಹತ್ತಿರ ಜನ ಹಿಡಿಯುತ್ತದೆ. ಆದರೂ ವಾಲ್ಯೂಮ್ ಕಡಿಮೆ ಇಟ್ಟಿದ್ದರು. ಒಂದೊಂದು ಮಾತೂ, ಮಾತಿನ ಕೊನೆಯ ಅಕ್ಷರವೂ ಕೇಳುತ್ತಿತ್ತು. ಜನ ಪಕ್ಕದವರ ಹತ್ತಿರ ಪಿಸುಗುಟ್ಟಲೂ ಇಲ್ಲ. 'ಎ ಥೌಸಂಡ್ ಕಿಸಸ್ ಡೀಪ್' ಅನ್ನು ಹಾಡದೆ ಬರೀ ಓದಿದರು. ಅಷ್ಟು ಜನ ಒಂದು ಕವಿತೆಗೆ ಕಿವಿಗೊಟ್ಟು ಕೂತದ್ದನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಮಧ್ಯೆ ಬಿಡುವು ಕೊಟ್ಟು ಮೂರು ಗಂಟೆಗೂ ಮೇಲೆ ಹಾಡಿದರು. ಹೋಗುವಾಗ ಕುಣಿಯುತ್ತ ಹೋದರು, ಜನ ಕರೆದ ಹಾಗೆಲ್ಲ ಕುಣಿಯುತ್ತಲೇ ವಾಪಸ್ ಬಂದರು. ಆರು ತಂತಿ ಅವರೇ, ನುಣುಪು ಅಂದಿರಿ. ನನಗೆ ಕಂಡದ್ದು ಆಸ್ಥೆ. ದೂರದಿಂದ ಬಂದು ಕೂತವನಿಗೆ ಒಂದು ಮಾತೂ ತಪ್ಪಬಾರದು ಅನ್ನುವ ಆಸ್ಥೆ.

ಖಾಲಿ ಹಾಳೆ

ಆಸ್ಥೆ ಇತ್ತು, ನಿಜ. ಆದರೆ ಒಂದು ವಿಷಯ ಯಾರೂ ಎತ್ತುತ್ತಿಲ್ಲ. ಆ ಪ್ರವಾಸಗಳ ಬೇರೆ ಬೇರೆ ಊರಿನ ರೆಕಾರ್ಡಿಂಗ್‌ಗಳನ್ನು ಸಾಲಾಗಿ ಕೇಳಿ. ಅದೇ ಹಾಡು, ಹೆಚ್ಚು ಕಡಿಮೆ ಅದೇ ಸಾಲು, ಅದೇ ಜಾಗದಲ್ಲಿ ಅದೇ ಮಾತು. ಹೋದ ಸಲ ಬಂದಾಗ ನನಗೆ ಅರವತ್ತು, ಹುಚ್ಚು ಕನಸು ಹೊತ್ತ ಹುಡುಗನಾಗಿದ್ದೆ ಅನ್ನುವುದು. ಆಮೇಲೆ ತಾವು ನುಂಗಿದ ಖಿನ್ನತೆಯ ಮಾತ್ರೆಗಳ ಹೆಸರೆಲ್ಲ ಒಂದೊಂದಾಗಿ ಹೇಳುವುದು. 'ಟವರ್ ಆಫ್ ಸಾಂಗ್'ನಲ್ಲಿ ಒಂದೇ ಬೆರಳಲ್ಲಿ ಕೀಬೋರ್ಡ್ ಒತ್ತಿ, ಜನ ಚಪ್ಪಾಳೆ ಹೊಡೆದ ಮೇಲೆ ಕೈ ಮುಗಿಯುವುದು. ಮಂಡಿಯೂರುವುದು ಕೂಡ ಗೊತ್ತುಮಾಡಿದ ಹಾಡುಗಳಲ್ಲೇ.

ಮೊದಲ ಸಲ ಕೇಳಿದಾಗ ಕಣ್ಣು ತುಂಬಿತ್ತು. ಇನ್ನೊಂದು ಊರಿನ ರೆಕಾರ್ಡಿಂಗ್‌ನಲ್ಲಿ ಅದೇ ಮಾತು ಅದೇ ಉಸಿರಲ್ಲಿ ಬಂದಾಗ ಬೇಜಾರಾಯಿತು. ಬಾಬ್ ಡಿಲನ್ ನೋಡಿ, ನಿನ್ನೆ ಹಾಡಿದ ಹಾಡು ಇವತ್ತು ಗುರುತೇ ಸಿಗದ ಹಾಗೆ ಬದಲಾಗಿರುತ್ತದೆ. ಲೈವ್ ಅಂದರೆ ಅದು.

ನಡುರಾತ್ರಿ ರೇಡಿಯೊ

ಇದು ಸರಿಯಾದ ಆಕ್ಷೇಪ. ನನಗೂ ಬಹಳ ದಿನ ಕಾಡಿದ್ದು ಇದೇ.

ಆದರೆ ಕೋಹೆನ್ ಕೆಲಸ ಮಾಡುವ ರೀತಿಯೇ ಅದು. ಡಿಲನ್ ಹೆಸರು ತೆಗೆದಿರಲ್ಲ, ಅವರಿಬ್ಬರ ನಡುವೆ ಪ್ಯಾರಿಸ್‌ನಲ್ಲಿ ನಡೆದ ಮಾತನ್ನು ಕೋಹೆನ್ ಎಷ್ಟೋ ಕಡೆ ಹೇಳಿದ್ದಾರೆ. 'ಹಲ್ಲೆಲೂಯಾ' ಬರೆಯಲು ಎಷ್ಟು ದಿನ ಹಿಡಿಯಿತು ಅಂತ ಡಿಲನ್ ಕೇಳಿದರು. ಎರಡು ವರ್ಷ ಅಂದರು ಕೋಹೆನ್. ನಿಜಕ್ಕೂ ಅದಕ್ಕಿಂತ ಜಾಸ್ತಿಯೇ ಹಿಡಿದಿತ್ತು. ನಿಮ್ಮ 'ಐ ಅಂಡ್ ಐ'ಗೆ ಎಷ್ಟು ಅಂತ ಇವರು ಕೇಳಿದರೆ, ಡಿಲನ್ ಹೇಳಿದ್ದು ಹದಿನೈದು ನಿಮಿಷ. ಇಬ್ಬರೂ ದೊಡ್ಡವರೇ. ಒಬ್ಬರದು ಹರಿದು ಹೋಗುವ ಜಾತಿ, ಇನ್ನೊಬ್ಬರದು ಕೂತು ತಿದ್ದುವ ಜಾತಿ. ತಿದ್ದಿ ತಿದ್ದಿ ಕೊನೆಗೆ ಸಿಕ್ಕ ಮಾತನ್ನು ಅವರು ಯಾಕೆ ಬದಲಾಯಿಸಬೇಕು? ಇವತ್ತು ಬಂದ ಜನ ನಿನ್ನೆ ಬಂದಿರಲಿಲ್ಲ. ಅವರಿಗೂ ಆ ಒಳ್ಳೆಯ ಮಾತೇ ಸಿಗಬೇಕು.

ಇನ್ನೊಂದು. ಏನೂ ಬದಲಾಗುತ್ತಿರಲಿಲ್ಲ ಅನ್ನುವುದೂ ಸರಿಯಲ್ಲ. 'ಹಲ್ಲೆಲೂಯಾ' 1984ರ ಆಲ್ಬಮ್‌ನಲ್ಲಿದ್ದದ್ದೇ ಬೇರೆ ಚರಣಗಳು. 1988ರ ಪ್ರವಾಸದಲ್ಲಿ ಹಾಡಿದ್ದು ಬೇರೆ. 'ಕೋಹೆನ್ ಲೈವ್'ನಲ್ಲಿದೆ, ಕೇಳಿ ನೋಡಿ, ಕೊನೆಯ ಚರಣ ಬಿಟ್ಟರೆ ಬೇರೆ ಹಾಡೇ ಅನ್ನಿಸುತ್ತದೆ. ವೇಲ್ಸ್‌ನ ಸಂಗೀತಗಾರ ಜಾನ್ ಕೇಲ್ ತಮ್ಮ ರೆಕಾರ್ಡಿಂಗ್‌ಗೆ ಸಾಹಿತ್ಯ ಕೇಳಿದಾಗ ಫ್ಯಾಕ್ಸ್‌ನಲ್ಲಿ ಬಂದದ್ದು ಹದಿನೈದು ಪುಟ. ಅದರಲ್ಲಿ ಕೇಲ್ ಆರಿಸಿಕೊಂಡದ್ದನ್ನೇ ಬಕ್ಲಿ ಹಾಡಿದ್ದು. 2008ರಲ್ಲಿ ಕೋಹೆನ್ ಎರಡೂ ಕಡೆಯ ಚರಣಗಳನ್ನು ಸೇರಿಸಿ ಹಾಡಿದರು. ಕೊನೆಯಲ್ಲಿ ನಿಮಗೆ ಮೋಸ ಮಾಡಲು ಬಂದವನಲ್ಲ ಅನ್ನುವ ಸಾಲಿನೊಳಗೆ ಲಂಡನ್ ಅಂತ ಊರಿನ ಹೆಸರನ್ನೂ ಸೇರಿಸಿದರು. ಆ ಒಂದು ಹೆಸರಿಗೆ ಜನ ಹೇಗೆ ಕೂಗುತ್ತಾರೆ ಕೇಳಿ.

ಹೊಸ ಕೇಳುಗ

ನಾನು ಇವರನ್ನು ಈಗಷ್ಟೇ ಕೇಳಲು ಶುರು ಮಾಡಿದ್ದೇನೆ. ದನಿ ತುಂಬಾ ಭಾರ ಅನ್ನಿಸಿತು. ಎರಡು ಹಾಡಿಗೇ ಮನಸ್ಸು ಕುಗ್ಗಿಹೋಯಿತು. ಎಲ್ಲವೂ ಹೀಗೇನಾ? ಎಲ್ಲಿಂದ ಶುರು ಮಾಡಲಿ?

ಓ2 ಹಿಂದಿನ ಸಾಲು

'ಸೋ ಲಾಂಗ್, ಮರಿಯಾನ್'ನಿಂದ ಶುರು ಮಾಡಿ. ಮೊದಲನೇ ಆಲ್ಬಮ್‌ನದು. ಅಗಲಿಕೆಯ ಹಾಡು, ಆದರೂ ಎಲ್ಲರೂ ಸೇರಿ ಹಾಡುವಂಥದ್ದು. ಆಮೇಲೆ 'ಲೈವ್ ಇನ್ ಲಂಡನ್'ನಲ್ಲಿ 'ಆಂಥಮ್'. ಮನಸ್ಸು ಕುಗ್ಗುವುದಿಲ್ಲ, ನೋಡಿ.

ಬೆಂಕಿಕಡ್ಡಿ

ಇಷ್ಟು ಹೊತ್ತು 2008ರ ಸುತ್ತಲೇ ತಿರುಗುತ್ತಿದ್ದೀರಿ. ನನ್ನ ಪ್ರಕಾರ ಕೋಹೆನ್ ಅವರ ಅತಿ ದೊಡ್ಡ ಕಾರ್ಯಕ್ರಮ ನಡೆದದ್ದು 1970ರಲ್ಲಿ, ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ಸಂಗೀತೋತ್ಸವದಲ್ಲಿ.

ಹಿನ್ನೆಲೆ ಗೊತ್ತಿರಲಿ. ಲಕ್ಷಗಟ್ಟಲೆ ಜನ ಬಂದು ಸೇರಿದ್ದರು. ಟಿಕೆಟ್ ಇಲ್ಲದವರು ಬೇಲಿ ಕಿತ್ತು ಒಳಗೆ ನುಗ್ಗಿದ್ದರು. ಐದು ದಿನದಿಂದ ಮಣ್ಣು, ಕಸ, ಸಿಟ್ಟು. ಹಾಡುವವರನ್ನೇ ಗದರಿಸುತ್ತಿದ್ದರು. ಕೊನೆಯ ರಾತ್ರಿ ಅಬ್ಬರದ ರಾಕ್ ಗಿಟಾರ್‌ಗೆ ಹೆಸರಾದ ಜಿಮಿ ಹೆಂಡ್ರಿಕ್ಸ್ ನುಡಿಸುತ್ತಿದ್ದಾಗ ವೇದಿಕೆಯ ಹತ್ತಿರ ಬೆಂಕಿಯೂ ಹತ್ತಿಕೊಂಡಿತ್ತು. ಹೆಂಡ್ರಿಕ್ಸ್ ಇಳಿದ ಮೇಲೆ, ಬೆಳಗಿನ ಜಾವ, ಮಲಗಿದ್ದ ಕೋಹೆನ್‌ರನ್ನು ಎಬ್ಬಿಸಿ ಕರೆತಂದರು. ಗಡ್ಡ ಬಿಟ್ಟ, ನಿದ್ದೆಗಣ್ಣಿನ ಮನುಷ್ಯ. ಕೈಯಲ್ಲಿ ನೈಲಾನ್ ತಂತಿಯ ಗಿಟಾರ್. ಹೆಂಡ್ರಿಕ್ಸ್ ಆದ ಮೇಲೆ ಆ ಸದ್ದು ಯಾರಿಗೆ ಕೇಳಬೇಕು?

ಅವರು ಹಾಡನ್ನು ಶುರು ಮಾಡಲಿಲ್ಲ. ಮಾತಾಡಿದರು. ಚಿಕ್ಕವನಿದ್ದಾಗ ಅಪ್ಪ ಸರ್ಕಸ್‌ಗೆ ಕರೆದುಕೊಂಡು ಹೋಗುತ್ತಿದ್ದರು, ಅಲ್ಲಿ ಒಬ್ಬಾತ ಎದ್ದು ನಿಂತು ಎಲ್ಲರೂ ಒಂದೊಂದು ಬೆಂಕಿಕಡ್ಡಿ ಗೀರಿ, ಒಬ್ಬರಿಗೊಬ್ಬರು ಕಾಣೋಣ ಅನ್ನುತ್ತಿದ್ದ ಅಂತ. ನೀವೂ ಗೀರಿ, ನೀವೆಲ್ಲಿದ್ದೀರಿ ಅಂತ ನಾನು ನೋಡಬೇಕು ಅಂದರು. ಅವಸರವೇ ಇಲ್ಲ. ಒಂದೊಂದು ಮಾತಿಗೂ ಜಾಗ ಬಿಟ್ಟು ಬಿಟ್ಟು ಹೇಳಿದರು. ಜನ ಕಡ್ಡಿ ಗೀರಿದರು. ಆಮೇಲೆ 'ಬರ್ಡ್ ಆನ್ ದ ವೈರ್' ತೀರಾ ನಿಧಾನಕ್ಕೆ ಎತ್ತಿಕೊಂಡರು. ಐದು ದಿನ ಯಾರ ಮಾತಿಗೂ ಬಗ್ಗದ ಜನ ಕೂತು ಕೇಳಿದರು.

ಮರ್ರೇ ಲರ್ನರ್ ಇದನ್ನು ಫಿಲ್ಮ್ ಮಾಡಿದ್ದಾರೆ, 2009ರಲ್ಲಿ ಹೊರಬಂತು. ಮುಖವನ್ನು ಗಮನಿಸಿ. ಕಣ್ಣು ಒಂದೆಡೆ ನಿಂತಿರುತ್ತದೆ, ರೆಪ್ಪೆ ಬಡಿಯುವುದೇ ಅಪರೂಪ. ಇದು ಗೊತ್ತುಮಾಡಿಕೊಂಡ ಮಾತಲ್ಲ. ಅಪಾಯದ ಎದುರು ಹುಟ್ಟಿದ್ದು. ಖಾಲಿ ಹಾಳೆ ಅವರಿಗೆ ಬೇಕಾದದ್ದು ಇಲ್ಲಿದೆ.

ಖಾಲಿ ಹಾಳೆ

ಹೌದು, ಇದೇ. 1972ರ ಜೆರುಸಲೆಮ್ ಕೂಡ. ಅರ್ಧಕ್ಕೆ ಹಾಡು ನಿಲ್ಲಿಸಿ, ಇವತ್ತು ಆಗುತ್ತಿಲ್ಲ, ದುಡ್ಡು ವಾಪಸ್ ಕೊಡುತ್ತೇವೆ ಅಂತ ಹೇಳಿ ಒಳಗೆ ಹೋದರು. ಒಳಗೆ ಹೋಗಿ ಗಡ್ಡ ಹೆರೆದುಕೊಂಡರು. ಹೊರಗೆ ಜನ ಎದ್ದು ಹೋಗಲಿಲ್ಲ, ತಾವೇ ಹಾಡಲು ಶುರು ಮಾಡಿದರು. ವಾಪಸ್ ಬಂದು 'ಸೋ ಲಾಂಗ್, ಮರಿಯಾನ್' ಹಾಡಿದಾಗ ತಂಡದವರೂ ಅಳುತ್ತಿದ್ದರು. ಟೋನಿ ಪಾಮರ್ ತೆಗೆದ ಚಿತ್ರದಲ್ಲಿ ಇದೆಲ್ಲ ಇದೆ.

ನಡುರಾತ್ರಿ ರೇಡಿಯೊ

ಎರಡನ್ನೂ ನಾನು ಪ್ರೀತಿಸುತ್ತೇನೆ. ಆದರೆ ಅದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಅವರಿಗೆ ವೇದಿಕೆ ಅಂದರೆ ಭಯ. 1967ರಲ್ಲಿ ನ್ಯೂಯಾರ್ಕಿನಲ್ಲಿ 'ಸುಜಾನ್' ಹಾಡುತ್ತ ನಡುವೆಯೇ ಎದ್ದು ಹೋದವರು. ಗಾಯಕಿ ಜೂಡಿ ಕಾಲಿನ್ಸ್ ಕೈ ಹಿಡಿದು ವಾಪಸ್ ಕರೆತರಬೇಕಾಯಿತು. 1993ರ ಪ್ರವಾಸದಲ್ಲಿ ವೇದಿಕೆ ಹತ್ತುವ ಮುಂಚೆ ಬಾಟಲಿಗಟ್ಟಲೆ ವೈನ್ ಕುಡಿಯುತ್ತಿದ್ದೆ ಅಂತ ಅವರೇ ಹೇಳಿದ್ದಾರೆ. ಆ ಪ್ರವಾಸ ಮುಗಿಸಿ ಕ್ಯಾಲಿಫೋರ್ನಿಯಾದ ಮೌಂಟ್ ಬಾಲ್ಡಿಯ ಝೆನ್ ಬೌದ್ಧ ಆಶ್ರಮ ಸೇರಿದರು. ಐದು ವರ್ಷ ಅಲ್ಲೇ ಇದ್ದರು. ಗುರುವಿಗೆ ಅಡುಗೆ ಮಾಡಿ ಹಾಕಿದರು, 1996ರಲ್ಲಿ ದೀಕ್ಷೆಯನ್ನೂ ತಗೊಂಡರು.

1999ರಲ್ಲಿ ಅಲ್ಲಿಂದ ಹೊರಟು ಎಲ್ಲಿಗೆ ಬಂದರು ಗೊತ್ತಾ? ಮುಂಬೈಗೆ. ರಮೇಶ್ ಬಾಳ್ಸೇಕರ್ ಅಂತ ಅದ್ವೈತ ಹೇಳುವವರಿದ್ದರು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ನಿಸರ್ಗದತ್ತ ಮಹಾರಾಜರ ಶಿಷ್ಯರು. ಅವರ ಮನೆಯ ಸತ್ಸಂಗಕ್ಕೆ ಬೆಳಿಗ್ಗೆ ಹೋಗಿ ಕೂರುತ್ತಿದ್ದರು. ಹಲವು ತಿಂಗಳು ಇದ್ದರು, ಮತ್ತೆ ಮತ್ತೆ ಬಂದರು. ಜೀವನವಿಡೀ ಕಾಡಿದ ಖಿನ್ನತೆ ಆ ಕಾಲದಲ್ಲೇ ಕರಗಿಹೋಯಿತು ಅಂತ ಆಮೇಲೆ ಹೇಳಿಕೊಂಡರು.

2008ರಲ್ಲಿ ಟೋಪಿ ತೆಗೆದು ನಿಂತದ್ದು ಆ ಮನುಷ್ಯ. 1970ರವರಿಗೆ ಜನರನ್ನು ಗೆಲ್ಲಬೇಕಿತ್ತು. ಇವರಿಗೆ ಬಡಿಸಬೇಕಿತ್ತು, ಅಷ್ಟೇ. ನನಗೆ ಈ ಎರಡನೆಯದು ಹೆಚ್ಚು ಕಷ್ಟದ್ದು ಅನ್ನಿಸುತ್ತದೆ.

ಮೂರನೇ ದನಿ

ಇಷ್ಟೆಲ್ಲ ಬರೆದಿರಿ, ತಂಡದ ಗಾಯಕಿ ಶಾರನ್ ರಾಬಿನ್ಸನ್ ಹೆಸರನ್ನು ಒಬ್ಬರೂ ಎತ್ತಲಿಲ್ಲ! ಸ್ವಲ್ಪ ಬೇಸರವೇ ಆಯಿತು.

ಕೋಹೆನ್ ಹಾಡುಗಳನ್ನು ಹೊತ್ತು ನಡೆದವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. 'ಸುಜಾನ್' ಅನ್ನು 1966ರಲ್ಲಿ ಜೂಡಿ ಕಾಲಿನ್ಸ್ ಹಾಡಿದರು, ಕೋಹೆನ್ ಅವರ ಆಲ್ಬಮ್ ಬರುವ ಮೊದಲೇ. ಅಮೆರಿಕದಲ್ಲಿ ಅವರನ್ನು ಕೇಳುವವರಿಲ್ಲದ ಕಾಲದಲ್ಲಿ ಜೆನಿಫರ್ ವಾರ್ನ್ಸ್ ಅವರ ಹಾಡುಗಳದ್ದೇ ಒಂದು ಪೂರ್ತಿ ಆಲ್ಬಮ್ ಮಾಡಿದರು. ಆಗಿನ ಪರಿಸ್ಥಿತಿ ಹೇಗಿತ್ತು ಅಂದರೆ, 'ಹಲ್ಲೆಲೂಯಾ' ಇದ್ದ 'ವೇರಿಯಸ್ ಪೊಸಿಷನ್ಸ್' ಅನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಲು ಅವರ ಕಂಪನಿಯೇ ಒಪ್ಪಿರಲಿಲ್ಲ. ಇನ್ನು ಶಾರನ್ ಹಿನ್ನೆಲೆಯಲ್ಲಿ ನಿಂತು ಹಾಡಿದವರು ಮಾತ್ರ ಅಲ್ಲ. 'ಎವ್ರಿಬಡಿ ನೋಸ್' ಇಬ್ಬರೂ ಸೇರಿ ಬರೆದದ್ದು. 2001ರ 'ಟೆನ್ ನ್ಯೂ ಸಾಂಗ್ಸ್' ಪೂರ್ತಿ ಇಬ್ಬರದೂ.

ಕೊನೆಯ ಪ್ರವಾಸಗಳಲ್ಲಿ 'ಅಲೆಕ್ಸಾಂಡ್ರಾ ಲೀವಿಂಗ್' ಅನ್ನು ಶಾರನ್ ಒಬ್ಬರೇ ಹಾಡುತ್ತಿದ್ದರು. ಕೋಹೆನ್ ಬೆಳಕಿನಿಂದ ಪಕ್ಕಕ್ಕೆ ಸರಿದು ನಿಂತು ಕೇಳುತ್ತಿದ್ದರು. 'ಇಫ್ ಇಟ್ ಬಿ ಯುವರ್ ವಿಲ್' ಬಂದಾಗ ತಾವು ನಾಲ್ಕು ಸಾಲು ಓದಿ, ಹಾಡನ್ನು ತಂಡದ ಇನ್ನಿಬ್ಬರು ಗಾಯಕಿಯರಾದ ವೆಬ್ ಸಹೋದರಿಯರಿಗೆ ಬಿಟ್ಟುಕೊಡುತ್ತಿದ್ದರು. ಒಬ್ಬರ ಕೈಯಲ್ಲಿ ಹಾರ್ಪ್, ಇನ್ನೊಬ್ಬರ ಕೈಯಲ್ಲಿ ಗಿಟಾರ್. ತಾನು ಬರೆದ ಪ್ರಾರ್ಥನೆಯನ್ನು ಬೇರೆಯವರ ಬಾಯಲ್ಲಿ ಕೇಳುತ್ತ ನಿಲ್ಲುವ ಹಾಡುಗಾರರು ಎಷ್ಟು ಜನ ಇದ್ದಾರೆ? ಆರು ತಂತಿ ಅವರು ಒಂಟಿತನವೇ ಜೀವ ಅಂದರು. ಆದರೆ ಕೋಹೆನ್ ದನಿ ಕೆಳಗಿಳಿದಷ್ಟೂ ಮೇಲೆ ಹೆಣ್ಣುದನಿ ಬೇಕಾಯಿತು. ಎರಡು ಸೇರಿದಾಗಲೇ ನನಗೆ ಹಾಡು ಇಡಿಯಾಗಿ ಕೇಳುತ್ತದೆ.

ಆರು ತಂತಿ

ಮೂರನೇ ದನಿ ಮೇಡಂ, 'ಇಫ್ ಇಟ್ ಬಿ ಯುವರ್ ವಿಲ್' ವಿಷಯದಲ್ಲಿ ನಿಮ್ಮ ಜೊತೆ ನಾನೂ ಇದ್ದೇನೆ. ಅದು ಅವರಿಬ್ಬರದೇ ಈಗ. ಆದರೆ 1988ರ 'ಐ ಆಮ್ ಯುವರ್ ಮ್ಯಾನ್'ನ ಆ ಕೀಬೋರ್ಡ್ ಸದ್ದಿದೆಯಲ್ಲ, ಅದನ್ನು ಮಾತ್ರ ನನಗೆ ಸಹಿಸಲಾಗುವುದಿಲ್ಲ. ಹಾಡು ಅಷ್ಟು ಚೆನ್ನ, ಸದ್ದು ಅಷ್ಟು ತೆಳು.

ಬೆಂಕಿಕಡ್ಡಿ

ಸರ್, ಆ ತೆಳು ಸದ್ದಿನಿಂದಲೇ 'ಫಸ್ಟ್ ವಿ ಟೇಕ್ ಮ್ಯಾನ್‌ಹ್ಯಾಟನ್' ಹೆದರಿಕೆ ಹುಟ್ಟಿಸುತ್ತದೆ. ನಿಜವಾದ ಡ್ರಮ್ಸ್ ಇಟ್ಟರೆ ಅದು ಮಾಮೂಲಿ ರಾಕ್ ಹಾಡಾಗುತ್ತದೆ. ವೇದಿಕೆಯಲ್ಲಿ ಅದು ಸ್ವಲ್ಪ ಮೆತ್ತಗಾಯಿತು ಅಂತಲೇ ನನ್ನ ಅಭಿಪ್ರಾಯ. ಅಲ್ಲಿ ನಾನು ರೇಡಿಯೊ ಅವರ ವಾದವನ್ನು ಒಪ್ಪುವುದಿಲ್ಲ.

ಓ2 ಹಿಂದಿನ ಸಾಲು

2016ರ 'ಯು ವಾಂಟ್ ಇಟ್ ಡಾರ್ಕರ್' ಬಗ್ಗೆಯೂ ಒಂದು ಮಾತು. ವೇದಿಕೆಯ ಕೋಹೆನ್ ಕೊನೆಯ ಸಲ ಹಾಡಿದ್ದು 2013ರ ಡಿಸೆಂಬರ್ 21ರಂದು ಆಕ್ಲೆಂಡ್‌ನಲ್ಲಿ. ಆಮೇಲೆ ವೇದಿಕೆ ಹತ್ತಲು ದೇಹ ಒಪ್ಪಲಿಲ್ಲ. ಈ ಆಲ್ಬಮ್‌ಗೆ ಮನೆಯಲ್ಲೇ ಕುರ್ಚಿಯಲ್ಲಿ ಕೂತು ಹಾಡಿದರು, ಮಗ ಆಡಮ್ ಜೊತೆಗಿದ್ದು ಮಾಡಿಸಿದರು. ಚಿಕ್ಕಂದಿನಲ್ಲಿ ಹೋಗುತ್ತಿದ್ದ ಮಾಂಟ್ರಿಯಲ್ ಸಿನಗಾಗ್‌ನ (ಯಹೂದಿ ಪ್ರಾರ್ಥನಾಮಂದಿರದ) ಗಾಯಕವೃಂದ ಹಿಂದೆ ನಿಂತಿದೆ. ಅಕ್ಟೋಬರ್ 21ಕ್ಕೆ ಬಿಡುಗಡೆ, ನವೆಂಬರ್ 7ಕ್ಕೆ ಹೋಗಿಬಿಟ್ಟರು. ಈ ಹಾಡುಗಳನ್ನು ವೇದಿಕೆಯಲ್ಲಿ ಹಾಡಲೇ ಇಲ್ಲ. ಆದರೂ ಏನೂ ಕಡಿಮೆ ಅನ್ನಿಸುವುದಿಲ್ಲ. ರೇಡಿಯೊ ಅವರೇ, ಹಾಡು ವೇದಿಕೆಯಲ್ಲೇ ಪೂರ್ತಿಯಾಗುವುದಾದರೆ ಇದನ್ನು ಎಲ್ಲಿ ಇಡುತ್ತೀರಿ?

ನಡುರಾತ್ರಿ ರೇಡಿಯೊ

ಒಳ್ಳೆಯ ಪ್ರಶ್ನೆ. ಐದು ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ರಾತ್ರಿ ಜನರ ಮುಂದೆ ನಿಂತು, ಯಾವ ಮಾತಿಗೆ ಎಷ್ಟು ಉಸಿರು ಸಾಕು ಅಂತ ತಿಳಿದುಕೊಂಡ ಮೇಲೆ ಹಾಡಿದ ಆಲ್ಬಮ್ ಅದು. ಆ ಪ್ರವಾಸ ಇಲ್ಲದಿದ್ದರೆ ಆ ದನಿ ಬರುತ್ತಿರಲಿಲ್ಲ. ನಾನು ಅದನ್ನು ಆ ಕಾರ್ಯಕ್ರಮಗಳ ಜೊತೆಗೇ ಇಡುತ್ತೇನೆ.

ಹೊಸ ಕೇಳುಗ

ನೀವು ಹೇಳಿದ್ದನ್ನೆಲ್ಲ ಕೇಳುತ್ತಿದ್ದೇನೆ. 'ಆಂಥಮ್' ತುಂಬಾ ಹಿಡಿಸಿತು. ಆದರೆ ಸತ್ಯ ಹೇಳಬೇಕೆಂದರೆ ನನ್ನನ್ನು ಪೂರ್ತಿ ಹಿಡಿದು ಕೂರಿಸಿದ್ದು ಐಲ್ ಆಫ್ ವೈಟ್. ರೇಡಿಯೊ ಅವರಿಗೆ ಬೇಜಾರಾಗದಿರಲಿ. ಅದರ ಮತ್ತು ಲಂಡನ್‌ನ ನಡುವೆ ಏನಾದರೂ ಇದೆಯಾ ಕೇಳಲು?

ನಡುರಾತ್ರಿ ರೇಡಿಯೊ

ಬೇಜಾರು ಯಾಕೆ, ಸಂತೋಷವೇ. 'ಫೀಲ್ಡ್ ಕಮಾಂಡರ್ ಕೋಹೆನ್' ಕೇಳಿ. 1979ರ ಪ್ರವಾಸದ್ದು, 2001ರಲ್ಲಿ ಹೊರಬಂತು. ಜಾನ್ ಬಿಲೆಜಿಕ್ಜಿಯನ್ ಅವರ ಊದ್ ಎಂಬ ಅರಬ್ ತಂತಿವಾದ್ಯ, ರಾಫಿ ಹಕೋಪಿಯನ್ ಅವರ ಪಿಟೀಲು, ಪಕ್ಕದಲ್ಲಿ ಜೆನಿಫರ್ ವಾರ್ನ್ಸ್ ಮತ್ತು ಶಾರನ್. ದನಿ ಇನ್ನೂ ತಳಕ್ಕೆ ಇಳಿದಿಲ್ಲ. ಅದರಲ್ಲಿ 'ದಿ ಸ್ಟ್ರೇಂಜರ್ ಸಾಂಗ್' ಇದೆ, ಹಾಗಾಗಿ ಆರು ತಂತಿ ಅವರೂ ಇನ್ನೊಮ್ಮೆ ಕೇಳಲಿ. ಕೇಳಿ ಬಂದು ಬರೆಯಿರಿ.